ಕೆಲಸವನ್ನು ಅಳೆದು ಯಂತ್ರವನ್ನು ಕೊಳ್ಳಬೇಕು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳೆಂಬ ಕರ್ನಾಟಕದ ಗಡಿಭಾಗದ ಈ ಐದು ತಾಲ್ಲೂಕುಗಳಲ್ಲಿ ಫೋಟೋ ಸ್ಟುಡಿಯೋ ಇಲ್ಲದ ಪೇಟೆಯನ್ನು ಕಾಣುವುದು ಇಂದು ದುರ್ಲಭ. ಲಗ್ನ, ಸೀಮಂತ, ಗೃಹಪ್ರವೇಶಗಳಿರಲಿ, ಚಿಂಚಲಿಯ ಮಾಯಕ್ಕನ ಜಾತ್ರೆಯಿರಲಿ, ಯಡೂರಿನ ವೀರಭದ್ರನ ಉತ್ಸವವಿರಲಿ, ಬೆಳತನಕ ನಡೆಯುವ ಶ್ರೀಕೃಷ್ಣ ಪಾರಿಜಾತದ ಆಟವಿರಲಿ, ಜನಜೀವನದ ಸಂಭ್ರಮವೆಲ್ಲವೂ ಕ್ಯಾಮೆರಾದಲ್ಲಿ ಸೆರೆಯಾಗಿ, ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ ‘ಮಿಕ್ಸಿಂಗ್’ಗೆ, ಅಂದರೆ ಸಂಕಲನಕ್ಕೆ, ಬರುತ್ತದೆ. ಆ ಕೆಲಸಕ್ಕೆ ಬೇಕಾದ ಕಂಪ್ಯೂಟರನ್ನು ಕೊಳ್ಳಲು ನಿಪ್ಪಾಣಿಯವರು ಕೊಲ್ಹಾಪುರಕ್ಕೂ, ಕಾಗವಾಡ ಅಥಣಿಗಳವರು ಮಿರಜ್ ಸಾಂಗಲಿಗಳಿಗೂ, ಉಳಿದವರು ಬೆಳಗಾವಿಗೂ ಹೋಗುವುದು ವಾಡಿಕೆ. ಅದಕ್ಕಾಗಿ ಸೊಸಾಯಿಟಿಯಲ್ಲಿ ಸಾಲವೆತ್ತುವವರೂ ಉಂಟು. ಇಷ್ಟು ಕಷ್ಟದಿಂದ ಕೂಡಿಸಿದ ಹಣವು ವಿನಿಯೋಗವಾಗುವ ಕ್ರಮ ಮಾತ್ರ ತಲೆಕೆಳಗಾಗಿದೆ. ಮೊದಲು ಗ್ರಾಫಿಕ್ ಕಾರ್ಡಿನ ಹೆಸರು, ಆಮೇಲೆ ಪ್ರೊಸೆಸರಿನ ಸಂಖ್ಯೆ, ಕಟ್ಟಕಡೆಗೆ ಉಳಿದ ಪುಡಿಗಾಸಿನಲ್ಲಿ ಹಾರ್ಡ್ ಡಿಸ್ಕು ಮತ್ತು ಯುಪಿಎಸ್ಸು: ಇದು ಈಗಿನ ಪದ್ಧತಿ. ಮಿಕ್ಸಿಂಗ್ ಮಾಡುವವನ ಮಾನವೂ ಗಿರಾಕಿಯ ನಂಬಿಕೆಯೂ ನಿಂತಿರತಕ್ಕದ್ದು ಈ ಕಡೆಯ ಎರಡರ ಮೇಲೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದಿನ ಮಿನಿ ಡಿವಿ ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಗಂಟೆಯ ಚಿತ್ರೀಕರಣವು ಕಂಪ್ಯೂಟರಿಗೆ ಇಳಿದಾಗ ಸುಮಾರು 13 ಜಿಬಿ ಸ್ಥಳವನ್ನು ಬೇಡುತ್ತಿತ್ತು. ಅನಂತರ ಬಂದ ಫುಲ್ ಎಚ್‌ಡಿಯ ಒಂದು ಚೌಕಟ್ಟಿನಲ್ಲಿ ಸುಮಾರು 20 ಲಕ್ಷ ಬಿಂದುಗಳಿದ್ದರೆ, ಇಂದಿನ 4ಕೆ ಚೌಕಟ್ಟಿನಲ್ಲಿ, ಅಂದರೆ 3840ರಿಂದ 2160ನ್ನು ಗುಣಿಸಿದಾಗ, ಸುಮಾರು 83 ಲಕ್ಷ ಬಿಂದುಗಳಾಗುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುವ ಕ್ಯಾಮೆರಾ ಗಂಟೆಗೆ 45 ಜಿಬಿಯನ್ನು ತುಂಬುತ್ತದೆ. ಮೂರು ಕ್ಯಾಮೆರಾಗಳು ತಲಾ ಐದು ಗಂಟೆ ನಡೆದರೆ ಒಂದೇ ಲಗ್ನಕ್ಕೆ 675 ಜಿಬಿ. ಅಂಥ ಇಪ್ಪತ್ತು ಲಗ್ನಗಳ ಸುಗ್ಗಿ ಮುಗಿಯುವಷ್ಟರಲ್ಲಿ ಹದಿಮೂರೂವರೆ ಟಿಬಿ. ಯಂತ್ರದ ಆಯ್ಕೆಯು ಆರಂಭವಾಗಬೇಕಾದದ್ದು ಅಂಗಡಿಯವನ ದರಪಟ್ಟಿಯಿಂದಲ್ಲ, ಈ ಲೆಕ್ಕದಿಂದ.

ಲೆಕ್ಕದ ಎರಡನೆಯ ಭಾಗವು ಇನ್ನೂ ಸೂಕ್ಷ್ಮವಾದುದು. ಇಂದಿನ ಕ್ಯಾಮೆರಾ ಸಾಮಾನ್ಯವಾಗಿ ಪ್ರತಿಯೊಂದು ಚೌಕಟ್ಟನ್ನೂ ಸಂಪೂರ್ಣವಾಗಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿಯಾಗಿ ಬರೆದು, ಅದರ ನೆರೆಯ ಚೌಕಟ್ಟುಗಳಲ್ಲಿ ಆದ ವ್ಯತ್ಯಾಸಗಳನ್ನಷ್ಟೇ ಗುರುತಿಸಿಕೊಳ್ಳುತ್ತದೆ. ಫೈಲು ಚಿಕ್ಕದಾಗುವುದು ಇದರಿಂದಲೇ. ಆದರೆ ಮಿಕ್ಸಿಂಗಿನವನು ಮಧ್ಯದ ಯಾವುದೋ ಕ್ಷಣದಲ್ಲಿ ಕತ್ತರಿಸಹೊರಟಾಗ, ಆ ಒಂದು ಚೌಕಟ್ಟನ್ನು ತೋರಿಸುವುದಕ್ಕಾಗಿ ಕಂಪ್ಯೂಟರು ಹಿಂದುಮುಂದಿನ ಅನೇಕ ಚೌಕಟ್ಟುಗಳನ್ನು ಪುನಃ ಕಟ್ಟಬೇಕಾಗುತ್ತದೆ. ಅದರಲ್ಲಿಯೂ ಎಚ್.265 ಎಂಬ ರೂಪದಲ್ಲಿ, 10 ಬಿಟ್ ಮತ್ತು 4:2:2 ವರ್ಣಕ್ರಮದಲ್ಲಿ ಚಿತ್ರೀಕರಿಸಿದರೆ ಈ ಹೊರೆ ವಿಪರೀತವಾಗುತ್ತದೆ. ಇದನ್ನು ಹೊರಲೆಂದೇ ನಿರ್ಮಿತವಾದ ಪ್ರತ್ಯೇಕ ವಿದ್ಯುನ್ಮಂಡಲವು ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ 11ನೆಯ ಪೀಳಿಗೆಯಿಂದ ದೊರೆಯುತ್ತಿದೆ. ಎನ್‌ವಿಡಿಯಾ ಕಾರ್ಡುಗಳಿಗಾದರೋ ಅದು ಬಂದದ್ದು 2025ರಲ್ಲಿ ಹೊರಬಂದ ಆರ್‌ಟಿಎಕ್ಸ್ 50 ಸರಣಿಯೊಡನೆ. ಆದುದರಿಂದ, ಹೆಸರಿನ ತುದಿಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರನ್ನು ಬೆಲೆ ಕೊಂಚ ಕಡಿಮೆಯೆಂದು ಕೊಳ್ಳುವವನು, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ, ತನಗೆ ಅತ್ಯಗತ್ಯವಾದ ಅಂಗವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಹಿಂದಿನ ಸರಣಿಯ ದುಬಾರಿ ಕಾರ್ಡನ್ನು ಹಾಕಿಸಿಯೂ ಟೈಮ್‌ಲೈನು ಮುಗ್ಗರಿಸುವುದೇಕೆಂದು ಕೇಳುವ ಅನೇಕರಿಗೆ ಉತ್ತರವು ಇಲ್ಲಿಯೇ ಇದೆ.

ಗ್ರಾಫಿಕ್ ಕಾರ್ಡು ಬೇಡವೆಂದು ನಾನು ಹೇಳುತ್ತಿಲ್ಲ. ಬಣ್ಣ ತಿದ್ದುವುದು, ಕತ್ತಲೆಯ ಚಿತ್ರದ ಕಲೆಗಳನ್ನು ನಿವಾರಿಸುವುದು, ಹಲವು ಪದರಗಳ ಪರಿಣಾಮಗಳನ್ನು ಕೂಡಿಸುವುದು, ಇವುಗಳಲ್ಲಿ ಅದರ ಉಪಕಾರ ದೊಡ್ಡದು. ಡವಿಂಚಿ ರಿಸಾಲ್ವ್ ತಂತ್ರಾಂಶವಂತೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. 4ಕೆ ಕೆಲಸಕ್ಕೆ 8 ಜಿಬಿ ಸ್ಮೃತಿಯ ಕಾರ್ಡು ಕನಿಷ್ಠವೆಂದೂ, 12 ಜಿಬಿಯಾದರೆ ನೆಮ್ಮದಿಯೆಂದೂ ತಿಳಿಯಬಹುದು. ರ‍್ಯಾಮು 32 ಜಿಬಿಗೆ ಕಡಿಮೆಯಿರಬಾರದು. ಅದನ್ನು ಒಂದೇ ತುಂಡಾಗಿ ಹಾಕಿಸದೆ 16ರ ಎರಡು ತುಂಡುಗಳಾಗಿ ಹಾಕಿಸಿದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಂಚಾರ ನಡೆದು ವೇಗವು ಹೆಚ್ಚುತ್ತದೆ. ಕಿಲಾರಿ ಹೋರಿಗೆ ಬಡಕಲು ಎತ್ತನ್ನು ಜೊತೆಮಾಡಿ ಹೂಡಿದ ಬಂಡಿಯು ಬಡಕಲು ಎತ್ತಿನ ನಡಿಗೆಯಲ್ಲಿಯೇ ಸಾಗುವಂತೆ, ಒಂದು ಅಂಗದಲ್ಲಿ ಅತಿಯಾಗಿ ಸುರಿದು ಮತ್ತೊಂದರಲ್ಲಿ ಕೈಬಿಗಿಹಿಡಿದ ಕಂಪ್ಯೂಟರು ತನ್ನ ಅತ್ಯಂತ ದುರ್ಬಲ ಅಂಗದ ವೇಗದಲ್ಲಿಯೇ ನಡೆಯುತ್ತದೆ. ಮಾನಿಟರಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ: ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯನ್ನು ಪೂರ್ತಿಯಾಗಿ ತೋರಿಸಲಾರದ ಅಗ್ಗದ ಪರದೆಯ ಮುಂದೆ ಕುಳಿತು ಮದುಮಗಳ ಕೆನ್ನೆಯ ಅರಿಸಿನವನ್ನೂ ಕೈಯ ಹಸಿರು ಬಳೆಯನ್ನೂ ತಿದ್ದಿದವನು, ಗಿರಾಕಿಯ ಮನೆಯ ಟಿವಿಯಲ್ಲಿ ಆ ಬಣ್ಣಗಳು ಬೇರೆಯೇ ಆಗಿ ಕಂಡಾಗ ಉತ್ತರ ಕೊಡಲಾರದೆ ನಿಲ್ಲಬೇಕಾಗುತ್ತದೆ.

ಇನ್ನು ಸಂಗ್ರಹದ ಮಾತು. ಹಾರ್ಡ್ ಡಿಸ್ಕು ಸೆಕೆಂಡಿಗೆ 150ರಿಂದ 250 ಎಂಬಿ ಓದಬಲ್ಲುದಾದರೂ, ಮೂರು ಕ್ಯಾಮೆರಾಗಳ ಫೈಲುಗಳನ್ನು ಏಕಕಾಲಕ್ಕೆ ಕೇಳಿದಾಗ ಅದರ ಓದುವ ಮೊನೆಯು ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲಿಯೇ ಕಾಲ ಕಳೆದುಹೋಗುತ್ತದೆ. ಪಿಸಿಐಇ ಮೂರನೆಯ ಪೀಳಿಗೆಯ ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿಯೂ ಸೆಕೆಂಡಿಗೆ 3500 ಎಂಬಿಯವರೆಗೆ ಓದಬಲ್ಲುದು. ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಆದುದರಿಂದ ವಿಂಡೋಸ್ ಮತ್ತು ತಂತ್ರಾಂಶಗಳಿಗೆ ಒಂದು ಎಸ್‌ಎಸ್‌ಡಿ, ನಡೆಯುತ್ತಿರುವ ಕೆಲಸಗಳಿಗೆ 2 ಟಿಬಿಯ ಇನ್ನೊಂದು, ಮುಗಿದ ಕೆಲಸಗಳಿಗೆ ದೊಡ್ಡ ಹಾರ್ಡ್ ಡಿಸ್ಕುಗಳು: ಈ ವಿಭಾಗವೇ ಯುಕ್ತ. ಹಾರ್ಡ್ ಡಿಸ್ಕುಗಳೆಂದು ಬಹುವಚನದಲ್ಲಿ ಹೇಳಿದ್ದು ಉದ್ದೇಶಪೂರ್ವಕವಾಗಿ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅವುಗಳಲ್ಲಿ ಒಂದು ಪ್ರತಿ ಬೇರೊಂದು ಸ್ಥಳದಲ್ಲಿ ಎಂಬುದು ಜಗತ್ತಿನ ಅನೇಕ ಛಾಯಾಗ್ರಾಹಕರು ಒಪ್ಪಿದ ನಿಯಮ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ದೂಧಗಂಗಾ ವೇದಗಂಗೆಗಳೂ ಉಕ್ಕಿ ಊರೂರುಗಳನ್ನೇ ಮುಳುಗಿಸಿದ್ದನ್ನು ಕಂಡ ಈ ನಾಡಿನವರಿಗೆ, ‘ಬೇರೊಂದು ಸ್ಥಳ’ವೆಂಬ ಮಾತಿನ ಅಗತ್ಯವನ್ನು ಮತ್ತೆ ವಿವರಿಸಬೇಕಾಗಿಲ್ಲ. ನದಿದಂಡೆಯ ಊರಿನ ಸ್ಟುಡಿಯೋದವನು ಒಂದು ಡಿಸ್ಕನ್ನು ಎತ್ತರದ ಊರಿನ ನೆಂಟರ ಮನೆಯಲ್ಲಿ ಇಡುವುದಾದರೆ, ಅದಕ್ಕೆ ತಗಲುವ ವೆಚ್ಚ ಡಿಸ್ಕಿನದು ಮಾತ್ರ.

ವಿದ್ಯುತ್ತಿನ ವಿಷಯದಲ್ಲಿ ನಡೆಯುವ ಅಲಕ್ಷ್ಯವು ಇದಕ್ಕಿಂತಲೂ ಹೆಚ್ಚಿನದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿನ ಜೊತೆಗೆ ಕೊಡುವ 600 ವಿಎ ಯುಪಿಎಸ್ಸು ನಿಜವಾಗಿ ಹೊರಬಲ್ಲದ್ದು ಸುಮಾರು 360 ವಾಟ್ ಮಾತ್ರ. ರೆಂಡರಿಗೆ, ಅಂದರೆ ಸಂಕಲಿತ ಚಿತ್ರವನ್ನು ಅಂತಿಮ ಫೈಲಾಗಿ ಬರೆಯುವುದಕ್ಕೆ, ಹಾಕಿದ ಯಂತ್ರದಲ್ಲಿ ಪ್ರೊಸೆಸರು, ಗ್ರಾಫಿಕ್ ಕಾರ್ಡು, ಮಾನಿಟರುಗಳು ಕೂಡಿ 400ರಿಂದ 500 ವಾಟ್ ಎಳೆಯುವುದು ಅಸಾಧಾರಣವಲ್ಲ. ತತ್ಫಲವಾಗಿ, ಲೈಟು ಹೋದ ಕ್ಷಣವೇ ಯುಪಿಎಸ್ಸು ಒಮ್ಮೆ ಕೂಗಿ ತಾನೂ ಆರಿಹೋಗುತ್ತದೆ. ರಾತ್ರಿಯಿಡೀ ನಡೆದ ರೆಂಡರು ವ್ಯರ್ಥವಾಗುತ್ತದೆ. ಬರೆಯುತ್ತಿದ್ದ ಡಿಸ್ಕಿನ ಫೈಲುಗಳು ಕೆಡುವ ಸಂಭವವೂ ಉಂಟು. ಗುಣಮಟ್ಟದ ಪ್ರಮಾಣಪತ್ರವಿರುವ ಪವರ್ ಸಪ್ಲೈ, ಯಂತ್ರದ ಪೂರ್ಣ ಹೊರೆಯನ್ನು ಹೊತ್ತು ಹತ್ತು ನಿಮಿಷವಾದರೂ ನಿಲ್ಲಬಲ್ಲ ಶುದ್ಧ ಸೈನ್ ತರಂಗದ ಯುಪಿಎಸ್, ಸರಿಯಾದ ಅರ್ಥಿಂಗ್, ಈ ಮೂರು ಇಲ್ಲದ ಕಡೆ ಎಷ್ಟು ಬೆಲೆಯ ಯಂತ್ರವನ್ನಿಟ್ಟರೂ ಅದು ಅಭದ್ರ.

ಪ್ರದೇಶದ ಹವೆಯನ್ನೂ ಗಣನೆಗೆ ತಂದುಕೊಳ್ಳತಕ್ಕದ್ದು. ನಿಪ್ಪಾಣಿಯ ಗಾಳಿಯಲ್ಲಿ ತಂಬಾಕಿನ ಧೂಳು; ಕಬ್ಬು ನುರಿಸುವ ತಿಂಗಳುಗಳಲ್ಲಿ ಉಗಾರದಂಥ ಊರುಗಳ ಮಾಳಿಗೆಗಳ ಮೇಲೆ ಕಾರ್ಖಾನೆಯ ಚಿಮಣಿಯಿಂದ ಇಳಿಯುವ ಕಪ್ಪು ಬೂದಿ; ಬೇಸಗೆಯಲ್ಲಿ ಅಥಣಿಯ ಸೀಮೆಯ ಉರಿಬಿಸಿಲು. ಗಾಜಿನ ಮುಖವನ್ನು ಹೊದ್ದು ಬಣ್ಣದ ದೀಪಗಳನ್ನು ಮಿನುಗಿಸುವ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡದೆ ಪ್ರೊಸೆಸರಿನ ಉಷ್ಣವು 100 ಡಿಗ್ರಿಯ ಸಮೀಪಕ್ಕೆ ಏರಿದಾಗ, ಅದು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಹಣ ತೆತ್ತು ಕೊಂಡ ವೇಗವು ಹೀಗೆ ಕೈತಪ್ಪುತ್ತದೆ. ಮುಂಭಾಗದಲ್ಲಿ ಜಾಲರಿಯೂ ತೊಳೆಯಬಹುದಾದ ಫಿಲ್ಟರೂ ಇರುವ ಸಾದಾ ಕ್ಯಾಬಿನೆಟ್ಟೇ ನಮ್ಮ ಸೀಮೆಗೆ ಶ್ರೇಯಸ್ಕರ.

ಆಪಲ್ ಕಂಪನಿಯ ಮ್ಯಾಕ್ ಮಿನಿಯನ್ನು ಕೊಂಡರೆ ಈ ತೊಡಕುಗಳೇ ಇಲ್ಲವಲ್ಲ ಎಂದು ಕೆಲವರು ವಾದಿಸುವರು. ವಾದದಲ್ಲಿ ಹುರುಳಿಲ್ಲದಿಲ್ಲ: 2024ರ ಎಂ4 ಮಾದರಿಯು ಗರಿಷ್ಠವಾಗಿ ಸುಮಾರು 65 ವಾಟ್ ಮಾತ್ರ ಬಳಸುತ್ತದೆ, ಮೇಲೆ ಹೇಳಿದ ಎಚ್.265 ಫೈಲುಗಳನ್ನೂ ಲೀಲಾಜಾಲವಾಗಿ ಬಿಡಿಸುತ್ತದೆ. ಆದರೆ ಅದರ ರ‍್ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳುವಂತಿಲ್ಲ. ಬಿಡಿಭಾಗವೊಂದು ಕೆಟ್ಟರೆ ತಾಲ್ಲೂಕಿನ ಪೇಟೆಯಲ್ಲಿ ಬದಲಿ ಹಾಕಿಸಿ ಅಂದೇ ಕೆಲಸಕ್ಕೆ ಕೂಡುವ ಅನುಕೂಲವೂ ಇಲ್ಲ. ಒಬ್ಬನೇ ದುಡಿಯುವ ಚಿಕ್ಕ ಸ್ಟುಡಿಯೋಗೆ ಅದು ಹೊಂದೀತು. ಲಗ್ನದ ಸುಗ್ಗಿಯಲ್ಲಿ ಒಂದು ದಿನವೂ ನಿಲ್ಲಬಾರದ ಸ್ಟುಡಿಯೋಗೆ ಅಸೆಂಬಲ್ ಮಾಡಿಸಿದ ಯಂತ್ರವೇ ಆಪ್ತ. ಹೊಸ ಯಂತ್ರಕ್ಕೆ ಹಣವೇ ಇಲ್ಲದವರು ಸಾಲಕ್ಕೆ ಕೈಯೊಡ್ಡುವ ಮುನ್ನ ಪ್ರಾಕ್ಸಿ ವಿಧಾನವನ್ನು ಕಲಿಯಲಿ: ಮೂಲ ಫೈಲುಗಳ ಹಗುರ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಕತ್ತರಿಸುವ ಕೆಲಸವನ್ನೆಲ್ಲ ಮುಗಿಸಿ, ಕಡೆಯ ರೆಂಡರನ್ನು ಮಾತ್ರ ಮೂಲದಿಂದ ತೆಗೆಯಬಹುದು. ಹಳೆಯ ಯಂತ್ರವು ಈ ಕ್ರಮದಿಂದ ಇನ್ನೂ ಒಂದೆರಡು ಸುಗ್ಗಿಗಳನ್ನು ದಾಟಿಸೀತು.

ನಿಪ್ಪಾಣಿಯ ನೆರೆಯ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಅವರು ಕ್ಯಾಮೆರಾ ಯಂತ್ರವನ್ನು ತಾವೇ ನಿರ್ಮಿಸಿಕೊಂಡು, 1920ರಲ್ಲಿ ‘ಸೈರಂಧ್ರಿ’ ಎಂಬ ಮೂಕಚಿತ್ರವನ್ನು ಜನರ ಮುಂದಿಟ್ಟರು. ಯಂತ್ರವನ್ನೇ ಸೃಷ್ಟಿಸುವ ಪ್ರತಿಭೆಯಿದ್ದ ಆ ಯುಗದ ಚಿತ್ರಗಳಲ್ಲಿ ಬಹುಭಾಗವು ಇಂದು ಉಳಿದಿಲ್ಲ. ಕಾಯ್ದಿಡುವ ವ್ಯವಸ್ಥೆಯಿಲ್ಲದೆ ಅವು ನಶಿಸಿಹೋದವು. ಅವರಿಗೆ ದೊರೆಯದ ಸಾಧನವು ಇಂದು ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತಿರುವಾಗ, ಪಾರಿಜಾತದ ಹಿರಿಯ ಕಲಾವಿದರ ಕಂಠವನ್ನೂ ಒಂದು ಮನೆತನದ ಹಿರಿಯರ ಮುಖವನ್ನೂ ನಾವು ಕಳೆದುಕೊಂಡೆವಾದರೆ ಅದಕ್ಕೆ ಕ್ಷಮೆಯಿಲ್ಲ.

ಆದುದರಿಂದ ಸ್ಟುಡಿಯೋದ ಮಾಲೀಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಕೊಲ್ಹಾಪುರಕ್ಕೋ ಬೆಳಗಾವಿಗೋ ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಕ್ಯಾಮೆರಾ ದಾಖಲಿಸುವ ರೂಪ, ಅದರ ದರ, ವರ್ಷದ ಲಗ್ನಗಳ ಸಂಖ್ಯೆ, ನಿಮ್ಮ ಓಣಿಯ ವಿದ್ಯುತ್ತಿನ ಸ್ಥಿತಿ, ಇಷ್ಟನ್ನು ಬರೆದುಕೊಳ್ಳಿ. ಮೊದಲು ಡಿಸ್ಕುಗಳಿಗೂ ಯುಪಿಎಸ್ಸಿಗೂ ಹಣವನ್ನು ಬೇರೆ ತೆಗೆದಿಡಿ. ಆಮೇಲೆ ಪ್ರೊಸೆಸರು ಮತ್ತು ರ‍್ಯಾಮು. ಉಳಿದುದರಲ್ಲಿ ಗ್ರಾಫಿಕ್ ಕಾರ್ಡು. ಪ್ರತಿ ಬಿಡಿಭಾಗದ ಸಂಖ್ಯೆಯೂ ನಮೂದಾದ ಪಕ್ಕಾ ಬಿಲ್ಲಿಲ್ಲದೆ ಅಂಗಡಿಯಿಂದ ಹೊರಬರಬೇಡಿ. ಗಿರಾಕಿಗಳಾದ ನಾವೂ ಲಗ್ನದ ಮುಂಗಡ ಕೊಡುವಾಗ ಡ್ರೋನಿನ ಬಾಡಿಗೆಯನ್ನು ಕೇಳಿದಂತೆಯೇ, ಎಷ್ಟು ಪ್ರತಿಗಳನ್ನು ಎಲ್ಲೆಲ್ಲಿ ಇಡುವಿರೆಂದು ಕೇಳಿ, ಅದಕ್ಕೆ ತಗಲುವ ಹಣವನ್ನು ಸಂತೋಷದಿಂದ ಕೊಡಬೇಕು.