ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಹಿರಿಯರೊಬ್ಬರು ಆಸ್ಪತ್ರೆಯಲ್ಲಿರುವಷ್ಟು ದಿನ ನಾವೆಲ್ಲರೂ ಬಂಧುಗಳೇ. ಹಣ್ಣಿನ ಚೀಲ ಹಿಡಿದು ಹೋಗುತ್ತೇವೆ. ಭಾನುವಾರದ ಬಲಿಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಡಿಸ್ಚಾರ್ಜ್ ಆಯಿತೆಂದು ತಿಳಿದೊಡನೆ ‘ದೇವರಿಗೆ ಸ್ತೋತ್ರ’ ಎಂದು ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ. ಮರೆವಿನ ಕಾಯಿಲೆಯುಳ್ಳವರ ಮನೆಯಲ್ಲಿ ನಿಜವಾದ ಕಷ್ಟ ಆರಂಭವಾಗುವುದು ಆ ದಿನವೇ ಎಂಬುದನ್ನು ಬಲ್ಲಿರಾ?

ಸೊಂಟದ ಮೂಳೆ ಮುರಿದೋ ಜ್ವರ ಬಂದೋ ದಾಖಲಾದ ಅಜ್ಜಿ ಎಷ್ಟೋ ಬಾರಿ ಹೋದಾಗ ಇದ್ದಂತೆ ಮರಳುವುದಿಲ್ಲ. ಅಪರಿಚಿತ ಕೋಣೆ, ಕೆಟ್ಟ ನಿದ್ದೆ, ಸೋಂಕು, ಹೊಸ ಮಾತ್ರೆಗಳು ಸೇರಿ ಮನಸ್ಸನ್ನು ಕದಡಿರುತ್ತವೆ. ಹಗಲು ತೂಕಡಿಕೆ, ರಾತ್ರಿ ಅರಚಾಟ, ಸ್ವಂತ ಮನೆಯಲ್ಲೇ ಕುಳಿತು ‘ನಮ್ಮ ಮನೆಗೆ ಕರೆದುಕೊಂಡು ಹೋಗಿ’ ಎಂಬ ಅಳು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಇಳಿಯಲು ವಾರಗಳೇ ಬೇಕಾದೀತು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು ಕೂಡ ಅದನ್ನು ಕೆರಳಿಸಬಲ್ಲವು. ದಿಢೀರನೆ ಹೆಚ್ಚಿದ ಗೊಂದಲವನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಯಾವ ಮಾತ್ರೆ ಎಷ್ಟು ದಿನ, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳಬೇಕು. ಕನ್ನಡಕವನ್ನು ಮರೆಯದೆ ಹಾಕಬೇಕು. ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಬೇಕು.

ಇದನ್ನೆಲ್ಲ ಮಾಡುವವರಾರು? ಸಾಮಾನ್ಯವಾಗಿ ಒಬ್ಬ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಒಬ್ಬ ಮಗಳು. ಅವಳಿಗೆ ನಾವು ಕೊಡುವುದೇನು? ‘ಇದು ನಿನ್ನ ಪಾಲಿನ ಶಿಲುಬೆಯಮ್ಮ, ಹೊತ್ತುಕೋ’ ಎಂಬ ಉಪದೇಶ! ಸ್ವಾಮಿ ಯೇಸುವಿನ ಶಿಲುಬೆಗೇ ಸಿರೇನಿನ ಸಿಮೋನನ ಹೆಗಲು ಬೇಕಾಯಿತೆಂಬುದನ್ನು ಮರೆಯುತ್ತೇವೆ. (ದೂರದ ಊರಿನಿಂದ ಫೋನ್ ಮಾಡಿ ‘ಅಮ್ಮನಿಗೆ ಸರಿಯಾಗಿ ಊಟ ಕೊಡುತ್ತಿದ್ದೀರಾ’ ಎಂದು ವಿಚಾರಿಸುವ ಗಂಡುಮಕ್ಕಳ ಬಗ್ಗೆ ಹೇಳದಿರುವುದೇ ಲೇಸು.)

ಸರ್ಕಾರ ನೋಡಿಕೊಳ್ಳಲಿ ಎನ್ನುವಿರಾ? 2024ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಒಳ್ಳೆಯದೇ. ಆದರೆ ಆ ಹಣ ಆಸ್ಪತ್ರೆಯ ಚಿಕಿತ್ಸೆಗೆ; ಮನೆಯ ಹಾಸಿಗೆಯ ಬಳಿ ನಿದ್ದೆಗೆಟ್ಟು ಕುಳಿತವಳಿಗಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ನಿಮ್ಮ ಧರ್ಮಕೇಂದ್ರದಲ್ಲಿ ಒಬ್ಬರೂ ಇಲ್ಲವೆಂದಾದರೆ, ನೀವು ಆ ಮನೆಗಳ ಬಾಗಿಲು ತಟ್ಟಿಲ್ಲವೆಂದೇ ಅರ್ಥ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಂ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಬೆಳೆದದ್ದೇ ಮನೆಭೇಟಿಯಿಂದ. ಅದರ ಘಟಕ ನಿಮ್ಮಲ್ಲಿದ್ದರೆ ಈ ಮನೆಗಳನ್ನೂ ಅದರ ಪಟ್ಟಿಗೆ ಸೇರಿಸಿರಿ. ಇಲ್ಲದಿದ್ದರೆ ನೆರೆಯ ಇಬ್ಬರು ಸಾಕು. ವಾರಕ್ಕೆ ಎರಡು ಗಂಟೆ ಹೋಗಿ ಕುಳಿತುಕೊಳ್ಳಿರಿ. ಆ ಮಗಳು ಪೂಜೆಗೆ ಹೋಗಲಿ, ಇಲ್ಲವೇ ಸುಮ್ಮನೆ ಮಲಗಲಿ. ‘ನಾನು ಯಾರು ಹೇಳಿ ನೋಡೋಣ’ ಎಂದು ಅಜ್ಜಿಯನ್ನು ಪರೀಕ್ಷಿಸಬೇಡಿರಿ. ನಿಮ್ಮ ಹೆಸರನ್ನು ನೀವೇ ಹೇಳಿ, ಕುರ್ಚಿ ಹತ್ತಿರ ಎಳೆದುಕೊಳ್ಳಿರಿ.