ಹಳೇ ಬೋಟು: ಬಣ್ಣ ಬಿಡಿ, ಹಿಂದಿನ ಹಲಗೆ ಬಡೀರಿ

ಸೆಕೆಂಡ್ ಹ್ಯಾಂಡ್ ಬೈಕ್ ವಿಷಯದಲ್ಲಿ ನಾವೆಲ್ಲಾ ಎಕ್ಸ್‌ಪರ್ಟ್‌ಗಳೇ. ಮೋಟಾರ್ ಬೋಟ್ ಅಂದಕೂಡಲೇ ಮಾತ್ರ ಹಾರ್ಸ್‌ಪವರ್ ಕೇಳಿ, ಬಣ್ಣ ನೋಡಿ ಸುಮ್ಮನಾಗ್ತೀವಿ. "ಬೋಟ್ ನಮಗ್ಯಾಕೆ?" ಅನ್ನೋರು ಅಥಣಿ ತಾಲ್ಲೂಕಿನ ಸತ್ತಿ ಕಡೆಯವರನ್ನ ಕೇಳಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಎಷ್ಟೋ ಊರುಗಳಿಗೆ ಬೋಟೇ ರಸ್ತೆ. ಹೊಸದು ದುಬಾರಿ, ಹಳೇದು ಕೊಳ್ಳೋದು ತಪ್ಪಲ್ಲ. ನೋಡುವ ಕ್ರಮ ಬದಲಾಗಬೇಕು ಅಂತ ನಮ್ಮ ವಾದ.

ಮೊದಲು ಇಂಜಿನ್ ಕೂರಿಸುವ ಹಿಂದಿನ ಹಲಗೆ. ಫೈಬರ್ ಒಳಗೆ ಕಟ್ಟಿಗೆ ಇದ್ದರೆ ನೀರಿಳಿದು ಕೊಳೆತಿರುತ್ತೆ, ಹೊರಗೆ ಗೊತ್ತೇ ಆಗಲ್ಲ. ಸುತ್ತಿಗೆ ಹಿಡಿಯಿಂದ ಮೆಲ್ಲಗೆ ಬಡೀರಿ. ಸದ್ದು ಮಂದವಾಗಿ ಬಂದರೆ ಎದ್ದು ಬನ್ನಿ. ಆಮೇಲೆ ಇಂಜಿನ್. ಗೇರ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ನೀರಿಗಿಳಿಸಿ ಸ್ಟಾರ್ಟ್ ಮಾಡಿಸಿ, ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಕೂಲಿಂಗ್ ಪಂಪಿನ ರಬ್ಬರ್ ಚಕ್ರ ಸವೆದಿರಬಹುದು, ಇಲ್ಲಾ ದಾರಿ ಕಟ್ಟಿರಬಹುದು. ಹೊಳೆಯ ರಾಡಿ ನೀರು ಆ ಚಕ್ರವನ್ನ ಬೇಗ ತಿನ್ನುತ್ತೆ. ಕರಾವಳಿಯಿಂದ ಬಂದ ಇಂಜಿನ್ ಆದರೆ ಉಪ್ಪು ತಿಂದ ಬೋಲ್ಟುಗಳನ್ನೂ ನೋಡಿ.

ಮ್ಯೂಸಿಕ್ ಸಿಸ್ಟಮ್, ಎಲ್‌ಇಡಿ ಪಟ್ಟಿ ತೋರಿಸಿ ರೇಟ್ ಏರಿಸಿದರೆ ಒಂದು ರೂಪಾಯಿನೂ ಕೊಡಬಾರದು (ಹಾಡು ಕೇಳೋಕೆ ಫೋನ್ ಇದೆಯಲ್ಲ). ಆ ದುಡ್ಡಿಗೆ ಲೈಫ್ ಜಾಕೆಟ್ ಬರ್ತವೆ. ಹಳೇ ಜಾಕೆಟ್ ಫ್ರೀ ಕೊಟ್ಟರೂ ಬಕಲ್ ಎಳೆದು, ನೀರಿಗೆ ಹಾಕಿ ನೋಡಿ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದ ದೋಣಿಗೆ ಸರ್ವೆ, ನೋಂದಣಿ ಕೇಳುತ್ತೆ. ಆ ಕಾಗದ ಕಾಣುವವರೆಗೂ ಅಡ್ವಾನ್ಸ್ ಬೇಡ. ಹಾಗೇ ಎರಡು ಹುಟ್ಟು ಇದೆಯಾ ಕೇಳಿ. ನಡುಹೊಳೆಯಲ್ಲಿ ಇಂಜಿನ್ ನಿಂತರೆ ಅವೇ ಗತಿ.