15 ಸಾವಿರ ಲ್ಯಾಬ್ ಇರಲಿ, 15 ದಿನದ ಮಾತಾಡಿ

2026–27ರ ಕೇಂದ್ರ ಬಜೆಟ್‌ನಲ್ಲಿ 15 ಸಾವಿರ ಪ್ರೌಢಶಾಲೆ, 500 ಕಾಲೇಜುಗಳಿಗೆ ಕಂಟೆಂಟ್ ಕ್ರಿಯೇಟರ್ ಲ್ಯಾಬ್ ಘೋಷಿಸಿದ್ದೇ ತಡ, ಸೃಜನಶೀಲ ಕಸುಬುಗಳ ‘ಆರೆಂಜ್ ಎಕಾನಮಿ’ಯ ಗುಣಗಾನ ಶುರುವಾಯಿತು. ಅನಿಮೇಷನ್, ಗೇಮಿಂಗ್ ವಲಯಕ್ಕೆ 2030ರ ಹೊತ್ತಿಗೆ 20 ಲಕ್ಷ ಜನ ಬೇಕಂತೆ. ಇನ್ನು ಯಾದಗಿರಿಯ ಹುಡುಗರು ಬೆಂಗಳೂರಿನ ಬಸ್ ಹತ್ತಬೇಕಿಲ್ಲ, ಊರಲ್ಲೇ ಕೂತು ದುಡಿಯಬಹುದು ಎಂಬ ವಾದವೂ ಕೇಳಿಬರುತ್ತಿದೆ. ನೇರವಾಗಿಯೇ ಹೇಳುತ್ತೇನೆ: ಈ ಜಿಲ್ಲೆಯ ಫ್ರೀಲಾನ್ಸ್ ಡಿಸೈನರ್‌ಗೆ ಲ್ಯಾಬ್‌ಗಿಂತ ಮೊದಲು ಬೇಕಿರುವುದು ಮಾಡಿದ ಕೆಲಸದ ದುಡ್ಡು.

ಕೆಲಸ ಕಲಿತವರಿಗೆ ಇಲ್ಲಿ ಬರವಿಲ್ಲ. ಶಹಾಪುರ, ಸುರಪುರಗಳ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ, ನುಡಿ ಫಾಂಟ್ ಹಿಡಿದು ಕೈ ಪಳಗಿಸಿಕೊಂಡವರು ಈಗ ಮನೆಯಿಂದಲೇ ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ಶಾಲೆಯ ಕರಪತ್ರ, ನಾಯಕರ ಹುಟ್ಟುಹಬ್ಬದ ಬ್ಯಾನರ್ ಮಾಡಿಕೊಡುತ್ತಾರೆ. (ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ. ಹುಟ್ಟುಹಬ್ಬ ನಿಷೇಧವಾಗಿಲ್ಲವಲ್ಲ!) ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ಅದೂ ರಾತ್ರಿ. ‘ಮುಂಜಾನೆ ಪ್ರಿಂಟಿಗೆ ಹೋಗ್ಬೇಕ್ರಿ’ ಎಂಬ ಅವಸರ. ದುಡ್ಡಿನ ಮಾತು ಬಂದಾಗ ‘ಆಮ್ಯಾಲೆ ನೋಡೋಣು ತಗೋರಿ’. ಕಿರಾಣಿ ಅಂಗಡಿಯವನಾದರೂ ಉದ್ರಿ ಇಲ್ಲ ಎಂದು ಬೋರ್ಡ್ ಹಾಕಿಕೊಂಡಾನು, ಡಿಸೈನರ್‌ಗೆ ಆ ಧೈರ್ಯವೂ ಇಲ್ಲ.

ಎಲ್ಲರೂ 15 ಸಾವಿರದ ಹಿಂದೆ ಬಿದ್ದಿರುವಾಗ ನಾನು ಬರೀ 15 ಎಂಬ ಅಂಕಿಯ ಬಗ್ಗೆ ಹೇಳಬೇಕು. ಅದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಲ್ಲಿದೆ. ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು, ಲಿಖಿತ ಕರಾರು ಇದ್ದರೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ಕರಾರೇ ಇಲ್ಲದಿದ್ದರೆ 15 ದಿನ. ಅಂದರೆ ಕಾಗದವಿಲ್ಲದ ಬಾಯಿಮಾತಿನ ಕೆಲಸಕ್ಕೆ ಕಾನೂನು ಇನ್ನೂ ಬಿಗಿ. ನಮ್ಮವರು ‘ಬರೆದುಕೊಟ್ಟಿದ್ದು ಏನೂ ಇಲ್ಲ, ಹೆಂಗ ಕೇಳೋದು’ ಎಂದು ಕೈಚೆಲ್ಲುವುದು ಸರಿಯಾಗಿ ಇದೇ ಜಾಗದಲ್ಲಿ.

ಅದೇ ಕಾಯ್ದೆಯಲ್ಲಿ ಇನ್ನೊಂದು 15 ಇದೆ, ಅದನ್ನಂತೂ ಯಾರೂ ಓದಿದಂತಿಲ್ಲ. ಕೆಲಸ ಸರಿಯಿಲ್ಲ ಎನ್ನುವವರು ಅದು ಕೈಸೇರಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳಬೇಕು. ಹೇಳದಿದ್ದರೆ ಕೈಸೇರಿದ ದಿನವೇ ಒಪ್ಪಿಕೊಂಡ ದಿನ. ಬ್ಯಾನರ್ ಕಟ್ಟಿ, ಕಾರ್ಯಕ್ರಮ ಮುಗಿಸಿ, ಎರಡು ತಿಂಗಳ ಮೇಲೆ ‘ಸಾಹೇಬ್ರ ಫೋಟೊ ಸಣ್ಣದಾಗಿತ್ರಿ’ ಎಂದು ಅರ್ಧ ದುಡ್ಡು ಹಿಡಿಯುವ ಆಟ ಇಲ್ಲಿ ನಡೆಯುವುದಿಲ್ಲ. ಗಡುವು ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಇದು ವರ್ಷಕ್ಕೆ ಶೇ 16.5ರ ಲೆಕ್ಕ. ಮೇಲಾಗಿ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಪೆಟ್ಟು: ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು, ಕೊಟ್ಟು ಮುಗಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಹುಟ್ಟುಹಬ್ಬದ ಅಭಿಮಾನಿ ಬಳಗಕ್ಕೆ ಇದು ತಾಗಲಿಕ್ಕಿಲ್ಲ. ಲೆಕ್ಕಪತ್ರ ಇಡುವ ಜಿನ್ನಿಂಗ್ ಮಿಲ್ಲಿಗೆ, ಬಿಲ್ಡರ್‌ಗೆ ತಾಗುತ್ತದೆ.

ಈ ಕಾಯ್ದೆಯ ರಕ್ಷಣೆಗೆ ಡಿಸೈನರ್‌ಗೆ ಬೇಕಿರುವುದು ಸಣ್ಣ ಉದ್ಯಮವೆಂದು ತೋರಿಸುವ ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಟ್ಟರೆ ತಕರಾರಿಗೆ ಜಾಗವಿರದು. ‘ಕಾನೂನು ಮಾತಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ’ ಎಂಬ ಮಾತು ಸುಳ್ಳಲ್ಲ. ಆದರೆ ದುಡ್ಡು ಕೊಡದ ಗಿರಾಕಿ ಹೋದರೆ ನಷ್ಟ ಯಾರಿಗೆ? ಪಕ್ಕದ ಅಂಗಡಿಯವನಿಗೇ ತಾನೆ!

ರಾಜ್ಯ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಇವರಿಗೆ ಒದಗುವುದಿಲ್ಲ, ಅದು ಪ್ಲಾಟ್‌ಫಾರ್ಮ್ ಮೂಲಕ ಬಂದ ಕೆಲಸಕ್ಕೆ ಮಾತ್ರ. ಕಲ್ಯಾಣ ಕರ್ನಾಟಕಕ್ಕೆಂದೇ ಇರುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಗುವುದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಸ್ವಂತ ದುಡಿಯುವವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಕಲೆ ಇದ್ದರೆ ಬದುಕು ತಾನೇ ಬರುತ್ತದೆ ಎನ್ನುವವರು ಸುರಪುರದ ಚರಿತ್ರೆ ನೋಡಲಿ. ಚಿನ್ನದ ಲೇಪದ ಸೂಕ್ಷ್ಮ ಚಿತ್ರಗಳ ಒಂದು ಶೈಲಿಯೇ ಇಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದಿತ್ತು, ಗರುಡಾದ್ರಿ ಮನೆತನದಂಥ ಚಿತ್ರಗಾರರಿದ್ದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯವಾಯಿತು, 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಅರಮನೆಯ ಆಶ್ರಯ ಹೋದ ಮೇಲೆ ಕುಂಚದ ಕಸುಬೂ ಬಡವಾಯಿತು. ಕುಸುರಿಗೆ ಕೊರತೆಯಿತ್ತೇ? ಇಲ್ಲ. ಕೊಡುವವನ ಮರ್ಜಿಯ ಮೇಲೆ ನಿಂತ ಕಸುಬಿಗೆ ಅವನು ಹೋದ ಮೇಲೆ ಕೇಳುವ ಹಕ್ಕು ಎಲ್ಲಿಯದು? ಇಂದಿನ ಡಿಸೈನರ್‌ಗೆ ಆ ಹಕ್ಕು ಕಾಯ್ದೆಯಲ್ಲೇ ಇದೆ, ಆದರೂ ಅವನು ಇನ್ನೂ ಆಶ್ರಿತನ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದಾನೆ.

ಲ್ಯಾಬ್‌ಗಳಿಗೆ ಕಂಪ್ಯೂಟರ್ ಕೊಳ್ಳುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಉದ್ಯಮ್ ನೋಂದಣಿಯ ಶಿಬಿರ ನಡೆಸಲಿ. ಜಯಂತಿ, ಜಾಥಾಗಳಿಗೆ ಬ್ಯಾನರ್ ಮಾಡಿಸುವ ಸರ್ಕಾರಿ ಕಚೇರಿಗಳೂ ಇದೇ ಕಾಯ್ದೆಯ ಪ್ರಕಾರ ‘ಖರೀದಿದಾರ’ರೇ. ಅವುಗಳ ಕಡತಗಳಲ್ಲಿ 15 ದಿನ ದಾಟಿದ ಬಿಲ್‌ಗಳು ಎಷ್ಟಿವೆ ಎಂದು ಜಿಲ್ಲಾಧಿಕಾರಿ ಮುಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲೇ ಕೇಳಬಹುದು.